ಒಂದಕ್ಷರ ತಪ್ಪಿದರೆ ಇಡೀ ತೋರಾವನ್ನು ಹೂಳುತ್ತಾರೆಯೇ?

ಓದುಗರ ಪ್ರಶ್ನೆ: ಯಹೂದಿಗಳ ತೋರಾ ಸುರುಳಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದರೂ ಇಡೀ ಸುರುಳಿಯನ್ನು ಹೂತುಬಿಡುತ್ತಾರಂತೆ, ನಿಜವೇ?

ನಿಜವಲ್ಲ. ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಯಹೂದಿಗಳ ಪವಿತ್ರ ಗ್ರಂಥವಾದ ತೋರಾದಲ್ಲಿರುವುದು 3,04,805 ಹೀಬ್ರೂ ಅಕ್ಷರ. ಎಲ್ಲವನ್ನೂ ಕೈಯಲ್ಲೇ ಬರೆಯಬೇಕು, ಅದೂ ಎದುರಿಗಿಟ್ಟ ಪ್ರತಿ ನೋಡಿಕೊಂಡು, ಪ್ರತಿ ಪದವನ್ನು ಬಾಯಲ್ಲಿ ಹೇಳಿಕೊಂಡು. ಒಂದು ತಪ್ಪಿಗೆ ಎಲ್ಲವೂ ವ್ಯರ್ಥವೆಂದರೆ ಯಾವ ಸುರುಳಿಯೂ ಮುಗಿಯುತ್ತಿರಲಿಲ್ಲ. ಬರೆಯುವವನಿಗೆ, ಅಂದರೆ ಸೋಫೇರ್‌ಗೆ, ತಿದ್ದುವುದೂ ಕಸುಬಿನ ಭಾಗವೇ. ಬರೆಯುವುದು ಹದಮಾಡಿದ ಚರ್ಮದ ಮೇಲೆ. ಶಾಯಿಗೆ ಬೀಳುವುದು ನಮ್ಮ ಬಾಣಂತಿಯರ ಮನೆಗಳಲ್ಲಿರುವ ಮಾಚಿಕಾಯಿ, ಅನ್ನಭೇದಿ, ಗೋಂದು. ತಪ್ಪಿದ ಅಕ್ಷರ ಚೆನ್ನಾಗಿ ಒಣಗಿದ ಮೇಲೆ ಚೂಪು ಅಲಗಿನಿಂದ ಹಗುರಾಗಿ ಕೆರೆದು, ಜಾಗವನ್ನು ನುಣುಪು ಮಾಡಿ, ಮತ್ತೆ ಬರೆಯುತ್ತಾರೆ. ಆಳವಾಗಿ ಕೆರೆದರೆ ಚರ್ಮದ ಎಳೆ ಎದ್ದು ಶಾಯಿ ಹರಡುತ್ತದೆ.

ಆದರೆ ಕೆರೆದೇ ಅಕ್ಷರದ ಆಕಾರ ತರುವಂತಿಲ್ಲ. ರೇಶ್ ಎಂಬ ಹೀಬ್ರೂ ಅಕ್ಷರ ಬರೆಯಲು ಹೋಗಿ ಮೂಲೆ ಚೂಪಾಗಿ ದಾಲೆತ್ ಎಂಬ ಇನ್ನೊಂದು ಅಕ್ಷರ ಆಯಿತೆನ್ನಿ. ಆ ಮೂಲೆಯನ್ನಷ್ಟೇ ಕೆರೆದು ದುಂಡಗೆ ಮಾಡಿದರೆ ಅದು ಬರೆದ ಅಕ್ಷರವಲ್ಲ, ಕೆತ್ತಿದ ಅಕ್ಷರ. ಆಕಾರ ಕೆಡಿಸಿ ಹೊಸದಾಗಿ ಬರೆಯಬೇಕು. ನಮ್ಮ ದ-ಧಗಳಷ್ಟೇ ಹತ್ತಿರದ ಈ ಜೋಡಿ ಅದಲುಬದಲಾದರೆ 'ಎಖಾದ್', ಅಂದರೆ 'ಒಬ್ಬನೇ', ಎಂಬುದು 'ಅಖೇರ್', ಅಂದರೆ 'ಬೇರೊಬ್ಬ', ಆಗಿಬಿಡುತ್ತದೆ. ಒಬ್ಬನೇ ದೇವರೆಂದು ಸಾರುವ ವಾಕ್ಯದಲ್ಲಿ ಹೀಗಾದರೆ ಏನಾದೀತು, ಯೋಚಿಸಿ.

ತಪ್ಪಿರುವ ಸುರುಳಿಯನ್ನು ಸಭೆಯಲ್ಲಿ ಓದುವಂತಿಲ್ಲ, ಅದು ನಿಜ. ತಿದ್ದದೆ 30 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂದು ಯಹೂದಿ ಧರ್ಮನಿಯಮಗಳ ಗ್ರಂಥವಾದ ತಾಲ್ಮೂಡ್ ಹೇಳುತ್ತದೆ. ತಿದ್ದಬಹುದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ಈ ತಪ್ಪು ನಂಬಿಕೆ ಎಲ್ಲಿಂದ ಬಂತು? ಎರಡು ಬೇರೆ ನಿಯಮಗಳು ಕಲಸಿಹೋಗಿವೆ. ಒಂದು, ದೇವರ ಹೆಸರನ್ನು ಅಳಿಸುವಂತಿಲ್ಲ. ಇರಬಾರದ ಕಡೆ ಅದು ಬಂದರೆ ಆ ಒಂದು ಹಾಳೆಯನ್ನು ತೆಗೆದು ಹೊಸ ಹಾಳೆ ಹೊಲಿಯುತ್ತಾರೆ. ಹೋಗುವುದು ಹಾಳೆ, ಸುರುಳಿಯಲ್ಲ. ಇನ್ನೊಂದು, ತೋರಾದ ಸಾಲುಗಳನ್ನು ಬರೆದು ಬಾಗಿಲ ಕಂಬಕ್ಕೆ ಹಚ್ಚುವ ಚಿಕ್ಕ ಚರ್ಮದ ತುಂಡಾದ ಮೆಜೂಜಾದ ನಿಯಮ. ಅದರ 713 ಅಕ್ಷರಗಳನ್ನು ಸಾಲಾಗಿ, ಒಂದಾದ ಮೇಲೊಂದರಂತೆಯೇ ಬರೆಯಬೇಕು. ಬಿಟ್ಟುಹೋದ ಅಕ್ಷರವನ್ನು ಆಮೇಲೆ ಸೇರಿಸಲು ಮುಂದಿನದನ್ನೆಲ್ಲ ಅಳಿಸಬೇಕು, ನಡುವೆ ದೇವರ ಹೆಸರಿದ್ದರೆ ಅದೂ ಆಗದು. ಚರ್ಮ ವ್ಯರ್ಥವಾಗುವುದು ಇಲ್ಲಿ. ತೋರಾಕ್ಕೆ ಈ ಕ್ರಮದ ಕಟ್ಟುಪಾಡಿಲ್ಲ.

ಹೀಗೆ ಕೈಬಿಟ್ಟ ಹಾಳೆ ಕಸಕ್ಕೆ ಹೋಗುವುದಿಲ್ಲ. ಗೆನೀಜಾ ಎಂಬ ಕೋಣೆಯಲ್ಲಿ ಕೂಡಿಟ್ಟು ಆಮೇಲೆ ಹೂಳುವುದು ವಾಡಿಕೆ. ಕೈರೋದ ಬೆನ್ ಎಜ್ರಾ ಮಂದಿರದ ಗೆನೀಜಾದಲ್ಲಿ ಹೂಳದೇ ಉಳಿದ ರಾಶಿಯಲ್ಲಿ ಧರ್ಮಗ್ರಂಥಗಳ ಜೊತೆ ವ್ಯಾಪಾರದ ಪತ್ರಗಳೂ ಇದ್ದವು. ಹೀಬ್ರೂ ಲಿಪಿಯ ಕಾಗದ ಎಸೆಯಲು ಮನಸ್ಸಾಗದೆ ಇಟ್ಟವು. ಅವುಗಳಲ್ಲಿ 12ನೇ ಶತಮಾನದ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳೂ ಇವೆ. ಅವನು ವರ್ಷಗಟ್ಟಲೆ ನೆಲೆಸಿದ್ದು ನಮ್ಮ ಮಂಗಳೂರಿನಲ್ಲಿ. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ 1132ರಲ್ಲಿ ಅವನು ಬರೆದ ಪತ್ರವೂ ಸಿಕ್ಕಿದೆ.