ಗೀಚುಗೆರೆಯೊಳಗಿನ ಸಮ–ಬೆಸ

ಫೋನಿನಲ್ಲಿ ಮಾತಾಡುವಾಗ ಕೈಗೊಂದು ಪೆನ್ನು ಸಿಕ್ಕರೆ ಸಾಕು, ಎದುರಿಗಿರುವ ಕಾಗದದ ಮೂಲೆ ಖಾಲಿ ಉಳಿಯುವುದಿಲ್ಲ. ಚಿಕ್ಕಂದಿನಿಂದಲೂ ನನ್ನದು ಒಂದೇ ವರಸೆ: ಪೆನ್ನು ಎತ್ತದೆ, ಗೆರೆಯ ಮೇಲೆ ಗೆರೆ ಹಾಯಿಸುತ್ತಾ ಸುತ್ತಿ ಸುತ್ತಿ, ಕೊನೆಗೆ ಹೊರಟ ಜಾಗಕ್ಕೇ ಬಂದು ಸೇರುವುದು. ಆಮೇಲೆ ಒಳಗೆ ಹುಟ್ಟಿದ ಪುಟ್ಟ ಮನೆಗಳಿಗೆ ಒಂದು ಬಿಟ್ಟು ಒಂದರಂತೆ ಕಪ್ಪು ತುಂಬುವುದು. ಎಷ್ಟೇ ಸಿಕ್ಕುಸಿಕ್ಕಾಗಿ ಗೀಚಿದರೂ ಎರಡು ಕಪ್ಪು ಮನೆಗಳು ಒಂದೇ ಗೋಡೆ ಹಂಚಿಕೊಂಡದ್ದು ಒಮ್ಮೆಯೂ ಇಲ್ಲ.

ಯಾಕೆ? ಯಾವುದಾದರೂ ಮನೆಯೊಳಗೆ ಒಂದು ಚುಕ್ಕಿ ಇಡಿ. ಅಲ್ಲಿಂದ ಚಿತ್ರದ ಆಚೆಗೆ ನೇರ ಗೆರೆ ಎಳೆದು (ಗೆರೆಗಳು ಕೂಡುವ ಜಾಗ ತಪ್ಪಿಸಿ), ಎಷ್ಟು ಗೋಡೆ ದಾಟಿತೆಂದು ಎಣಿಸಿ. ಬೆಸ ಬಂದರೆ ಕಪ್ಪು, ಸಮ ಬಂದರೆ ಬಿಳಿ. ಯಾವ ದಿಕ್ಕಿಗೆ ಎಳೆದರೂ ಈ ಉತ್ತರ ಬದಲಾಗದು. ಪಕ್ಕದ ಮನೆಗೆ ಹೋಗಲು ಒಂದು ಗೋಡೆ ದಾಟಲೇಬೇಕು. ದಾಟಿದ ಕೂಡಲೇ ಸಮ ಬೆಸವಾಗುತ್ತದೆ, ಬೆಸ ಸಮವಾಗುತ್ತದೆ. ಗೆರೆ ಹೊರಟಲ್ಲಿಗೇ ಬಂದು ಮುಚ್ಚಿಕೊಂಡಿರಬೇಕು, ಷರತ್ತು ಅಷ್ಟೇ.

ಗೀಚಾಟವನ್ನು ಕಂಪ್ಯೂಟರಿಗೆ ಒಯ್ದಾಗ ನನಗಾದ ಸಂತೋಷ ದೊಡ್ಡದು. ವೆಕ್ಟರ್ ಚಿತ್ರಗಳ (ಚುಕ್ಕಿಗಳ ಬದಲು ಗೆರೆಗಳ ಲೆಕ್ಕವಾಗಿ ಉಳಿಯುವ ಚಿತ್ರಗಳ) ಎಸ್‌ವಿಜಿ ಎಂಬ ಕಡತ ಮಾದರಿಯಲ್ಲಿ ಬಣ್ಣ ತುಂಬಲು 'ಈವನ್-ಆಡ್' ಎಂಬ ನಿಯಮವಿದೆ. ಅದರ ವಿವರಣೆಯೂ ಇದೇ: ಬಿಂದುವಿನಿಂದ ಕಿರಣ ಎಳೆ, ದಾಟಿದ ಗೆರೆ ಎಣಿಸು.

ಗೆರೆಯ ಬಾಗು ಬಳುಕನ್ನು ತಂತ್ರಾಂಶ ಬೆಝಿಯರ್ ವಕ್ರರೇಖೆಗಳ ತುಣುಕುಗಳಾಗಿ ಇಟ್ಟುಕೊಳ್ಳುತ್ತದೆ. ತುಣುಕಿಗೆ ನಾಲ್ಕು ಬಿಂದು: ಎರಡು ತುದಿ, ಗೆರೆಯನ್ನು ತಮ್ಮತ್ತ ಸೆಳೆಯುವ ಎರಡು ಹಿಡಿ. 1959ರಲ್ಲಿ ಸಿಟ್ರೊಯೆನ್ ಕಾರು ಕಂಪನಿಯ ಪಾಲ್ ದ ಕ್ಯಾಸ್ತೆಲ್ಜೊ ಕಂಡುಕೊಂಡ ದಾರಿಯನ್ನು ಕಾಗದದ ಮೇಲೇ ಮಾಡಿ ನೋಡಬಹುದು. ನಾಲ್ಕು ಬಿಂದುಗಳನ್ನು ಸಾಲಾಗಿ ಜೋಡಿಸಿದರೆ ಮೂರು ಗೆರೆ; ಅವುಗಳ ನಡುಬಿಂದುಗಳನ್ನು ಜೋಡಿಸಿದರೆ ಎರಡು; ಮತ್ತೆ ಹಾಗೇ ಮಾಡಿದರೆ ಒಂದು. ಆ ಕೊನೆಯ ಗೆರೆಯ ನಡುಬಿಂದು ವಕ್ರರೇಖೆಯ ಮೇಲೇ ಇರುತ್ತದೆ. ಹಿಡಿಗಳನ್ನು ಎಳೆದಾಡಿ ಎಲ್ಲವನ್ನೂ ನಯಗೊಳಿಸುವ ಆಸೆ ಬರುತ್ತದೆ. ಬೇಡ. ಕೈ ತಡವರಿಸಿದ ಕಡೆಯೇ ಚೆಂದದ ಪುಟ್ಟ ಮನೆಗಳು ಹುಟ್ಟುವುದು.

ಯಂತ್ರದಿಂದ ಸಿಗುವ ನಿಜವಾದ ಲಾಭ ಬೇರೆಯೇ ಇದೆ. 1963ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ನೀರಸ ಉಪನ್ಯಾಸವೊಂದರಲ್ಲಿ ಕೂತು, ಸಂಖ್ಯೆಗಳನ್ನು ಸುರುಳಿಯಾಗಿ ಬರೆಯುತ್ತಾ ಅವಿಭಾಜ್ಯಗಳಿಗೆ ಗುರುತು ಹಾಕಿದರು. ಗುರುತುಗಳು ಓರೆಯಾಗಿ ಸಾಲುಗಟ್ಟಿದಂತೆ ಕಂಡವು. ಆಮೇಲೆ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಕಂಪ್ಯೂಟರು ಸುಮಾರು 65,000ದವರೆಗೆ ಬಿಡಿಸಿದಾಗಲೂ ಸಾಲುಗಳು ಉಳಿದಿದ್ದವು. ಕೈ ಸೋಲುವಲ್ಲಿ ಯಂತ್ರ ಅದನ್ನೇ ಮುಂದುವರಿಸಿತು.

ನಾನೂ ಮಾಡುವುದು ಅದನ್ನೇ. ಒಂದು ಗೀಚುಗೆರೆ, ಅದರ 12 ಪ್ರತಿಗಳು, ಒಂದೇ ಕೇಂದ್ರದ ಸುತ್ತ 30 ಡಿಗ್ರಿಗೊಂದರಂತೆ. ಎಲ್ಲವನ್ನೂ ಒಂದೇ ಆಕೃತಿಯಾಗಿ ಸೇರಿಸಿ ಸಮ–ಬೆಸ ನಿಯಮದಂತೆ ತುಂಬಿದರೆ ಕೈ ಎಂದೂ ಎಳೆಯದ ಆಕಾರಗಳು ಎದ್ದು ಬರುತ್ತವೆ. ಆದರೆ ಕೇಂದ್ರವನ್ನು ಯಾವ ಕಪ್ಪು ಮನೆಯೊಳಗಿಟ್ಟು ತಿರುಗಿಸಿದರೂ ಚಿತ್ರದ ನಟ್ಟನಡುವೆ ಬಿಳಿಯೇ! ಪೆನ್ನು ಹಿಡಿದು ಎಣಿಸಿದೆ. ತಿರುಗಿಸಿದರೆ ಕೇಂದ್ರ ಕದಲುವುದಿಲ್ಲ, ಹಾಗಾಗಿ ಒಂದು ಪ್ರತಿಯಲ್ಲಿ ಬೆಸವಾದರೆ ಹನ್ನೆರಡರಲ್ಲೂ ಬೆಸ. ಹನ್ನೆರಡು ಬೆಸ ಕೂಡಿದರೆ ಸಮ. ಪ್ರತಿಗಳನ್ನು 11ಕ್ಕೆ ಇಳಿಸಿದೆ. ನಡುಮನೆ ಕಪ್ಪಾಯಿತು.