ಕೆಂಟಕಿಗೆ ದಾರಿ ಕಡಿದ ಡೇನಿಯಲ್ ಬೂನ್ ಜಮೀನು ಕಳೆದುಕೊಂಡದ್ದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದ ಕೆಂಟಕಿಗೆ ವಲಸಿಗರನ್ನು ಕರೆದೊಯ್ದವನು ಡೇನಿಯಲ್ ಬೂನ್ ಎನ್ನುತ್ತಾರೆ. ಮೊದಲೇ ಹೋಗಿ ನೆಲ ಹಿಡಿದವನು ಮುಪ್ಪಿನಲ್ಲಿ ಭೂಮಿಯಿಲ್ಲದೆ ಬೇರೆ ಸೀಮೆಗೆ ಹೋದದ್ದೇಕೆ? ಕಾಡಿನ ಮನುಷ್ಯನನ್ನು ವಕೀಲರು ಮೋಸ ಮಾಡಿದರೆ?

ವಕೀಲರ ಪಾಲು ಇದ್ದದ್ದು ನಿಜ. ಆದರೆ ಬೂನ್ ಏನೂ ಅರಿಯದ ಬೇಟೆಗಾರನಾಗಿರಲಿಲ್ಲ. ಅವನು ಸರ್ವೆ ಮಾಡುತ್ತಿದ್ದ, ಭೂಮಿ ಕೊಂಡು ಮಾರುತ್ತಿದ್ದ, ಹೋಟೆಲು ನಡೆಸಿದ, ವರ್ಜೀನಿಯಾದ ಶಾಸನಸಭೆಗೆ ಮೂರು ಸಲ ಆಯ್ಕೆಯಾದ. ಅವನ ಹೆಸರಿನಲ್ಲಿ ಗುಲಾಮರೂ ಇದ್ದರು. ರಕೂನ್ ಚರ್ಮದ ಟೋಪಿಯ ಮುಗ್ಧ ವೀರನೆಂಬ ಚಿತ್ರ ನಂತರದವರು ಬರೆದದ್ದು. ಅವನು ಹಾಕುತ್ತಿದ್ದದ್ದು ಸಾದಾ ಫೆಲ್ಟ್ ಟೋಪಿ.

ಬೂನ್ ಹುಟ್ಟಿದ್ದು 1734ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬದಲ್ಲಿ. ಬೆಳೆದ ಮೇಲೆ ನೆಲೆ ನಿಂತದ್ದು ಉತ್ತರ ಕ್ಯಾರೊಲಿನಾದ ಯಾಡ್ಕಿನ್ ಕಣಿವೆಯಲ್ಲಿ. 1769ರಲ್ಲಿ ಕಂಬರ್‌ಲ್ಯಾಂಡ್ ಕಣಿವೆದಾರಿ ದಾಟಿ ಕೆಂಟಕಿಗೆ ಹೋಗಿ ಎರಡು ವರ್ಷ ಬೇಟೆಯಾಡಿದ. ಅದನ್ನು 'ಕಂಡುಹಿಡಿದವನು' ಅವನಲ್ಲ. ಥಾಮಸ್ ವಾಕರ್ 1750ರಲ್ಲೇ ಆ ದಾರಿಯಲ್ಲಿ ಬಂದಿದ್ದ. ಅಲ್ಲಿನ ಮೂಲನಿವಾಸಿಗಳಾದ ಶಾನಿ ಮತ್ತು ಚೆರೊಕೀ ಜನರಿಗಂತೂ ಅದು ತಮ್ಮದೇ ಬೇಟೆನೆಲ. ಆ ಸಲವೇ ಶಾನಿಗಳು ಬೂನ್‌ನನ್ನು ಹಿಡಿದು, ಅವನು ಕೂಡಿಟ್ಟ ಚರ್ಮಗಳನ್ನೆಲ್ಲ ಕಿತ್ತುಕೊಂಡು, ಮತ್ತೆ ಇತ್ತ ಬರಬೇಡ ಎಂದು ಬಿಟ್ಟು ಕಳಿಸಿದರು. ಅವನು ಮತ್ತೆ ಬಂದ. 1773ರ ಪ್ರಯತ್ನದಲ್ಲಿ ಹದಿಹರೆಯದ ಮಗ ಜೇಮ್ಸ್‌ನನ್ನು ಕಳೆದುಕೊಂಡ.

ಹಕ್ಕಿನ ಗೋಜಲು ಶುರುವಾದದ್ದು 1775ರಲ್ಲಿ. ರಿಚರ್ಡ್ ಹೆಂಡರ್ಸನ್ ಎಂಬ ನ್ಯಾಯಾಧೀಶ ಟ್ರಾನ್ಸಿಲ್ವೇನಿಯಾ ಕಂಪನಿ ಕಟ್ಟಿ, ಚೆರೊಕೀ ಮುಖಂಡರಿಗೆ ಸರಕು ಕೊಟ್ಟು ಕೆಂಟಕಿಯ ಬಹುಭಾಗವನ್ನು 'ಕೊಂಡ'. ಚೆರೊಕೀಗಳಲ್ಲೇ ಡ್ರ್ಯಾಗಿಂಗ್ ಕನೂ ಇದನ್ನು ವಿರೋಧಿಸಿದ. ಶಾನಿಗಳನ್ನು ಯಾರೂ ಕೇಳಲೇ ಇಲ್ಲ. ಈ ಕಂಪನಿಗಾಗಿಯೇ ಬೂನ್ ಸುಮಾರು ಮೂವತ್ತು ಮಂದಿಯೊಂದಿಗೆ ಮರ ಕಡಿದು 'ವೈಲ್ಡರ್‌ನೆಸ್ ರೋಡ್' ಎಂದು ಹೆಸರಾದ ದಾರಿ ಮಾಡಿ, ಬೂನ್ಸ್‌ಬರೋ ಕಟ್ಟಿದ್ದು. ಅದಕ್ಕೆ ಪ್ರತಿಯಾಗಿ ಅವನಿಗೆ ಭೂಮಿಯ ಮಾತು ಕೊಡಲಾಗಿತ್ತು. ಆಗ ಕೆಂಟಕಿ ವರ್ಜೀನಿಯಾಕ್ಕೆ ಸೇರಿತ್ತು; 1778ರಲ್ಲಿ ವರ್ಜೀನಿಯಾ ಹೆಂಡರ್ಸನ್ನನ ಖರೀದಿಯನ್ನೇ ರದ್ದು ಮಾಡಿತು. ಕಂಪನಿಗೆ ಪರಿಹಾರವಾಗಿ ಎರಡು ಲಕ್ಷ ಎಕರೆ ಸಿಕ್ಕಿತು, ಬೂನ್‌ಗೆ ಕೊಟ್ಟ ಮಾತು ಮಾತಾಗಿಯೇ ಉಳಿಯಿತು.

1779ರಲ್ಲಿ ವರ್ಜೀನಿಯಾ ಹೊಸ ಭೂಕಾಯ್ದೆ ತಂದಿತು. ಮೊದಲೇ ಬಂದು ನೆಲೆಸಿದವರಿಗೆ 400 ಎಕರೆ, ಅದರ ಪಕ್ಕದ 1,000 ಎಕರೆ ಕೊಳ್ಳಲು ಆದ್ಯತೆ. ಉಳಿದವರು ಖಜಾನೆಯಿಂದ ವಾರಂಟ್, ಅಂದರೆ ಇಷ್ಟು ಎಕರೆ ಪಡೆಯಬಹುದೆಂಬ ಪತ್ರ, ಕೊಳ್ಳಬೇಕು, ಆ ವಾರಂಟ್ ಇಂಥ ಜಾಗಕ್ಕೆಂದು ನೋಂದಾಯಿಸಬೇಕು, ಸರ್ವೆ ಮಾಡಿಸಬೇಕು, ಆಮೇಲೆ ಹಕ್ಕುಪತ್ರ ಪಡೆಯಬೇಕು. ಓದಲು ಸರಳ. ಆದರೆ ಸರ್ಕಾರ ಮೊದಲು ಭೂಮಿ ಅಳೆದು ನಕ್ಷೆ ಮಾಡಿರಲಿಲ್ಲ. ಜಾಗ ಆರಿಸುವವನು ಕೊಳ್ಳುವವನೇ, ಅಳತೆ ಮಾಡಿಸುವವನೂ ಅವನೇ. ನಮ್ಮ ಹಳೆಯ ಕ್ರಯಪತ್ರಗಳ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಹುಣಸೆಮರ ಎಂದು ಬರೆಯುತ್ತಿದ್ದಂತೆ ಅಲ್ಲಿಯೂ ತೊರೆ, ಗುರುತು ಕೆತ್ತಿದ ಮರ, ಯಾರದೋ ಗುಡಿಸಲು ಇವೇ ಗಡಿ. ನಮ್ಮಲ್ಲಿ ಆ ಹುಣಸೆಮರವನ್ನು ಊರೇ ಬಲ್ಲದು. ಅಲ್ಲಿ ಊರೇ ಇರಲಿಲ್ಲ. ಮರ ಬಿದ್ದರೆ ಸಾಕ್ಷಿಯೂ ಬಿತ್ತು. ಒಂದೇ ನೆಲದ ಮೇಲೆ ಮೂರು ನಾಲ್ಕು ಹಕ್ಕುಗಳು ಒಂದರ ಮೇಲೊಂದು ಕುಳಿತವು. ವಾರಂಟ್ ಮಾರಿದ ಖಜಾನೆಗೆ ಅದರ ಚಿಂತೆ ಇರಲಿಲ್ಲ. ತಪ್ಪಿನ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ವಕೀಲರು ಆಮೇಲೆ ಬಂದವರು.

ಬೂನ್‌ನ ದುರದೃಷ್ಟವೂ ಕೂಡಿಕೊಂಡಿತು. 1780ರಲ್ಲಿ ವಾರಂಟ್ ಕೊಳ್ಳಲೆಂದು ತನ್ನದೂ ನೆರೆಯವರದೂ ಸೇರಿ ಸುಮಾರು 20,000 ಡಾಲರ್ ಹಣ ಹೊತ್ತು ಹೊರಟವನು ಒಂದು ತಂಗುಮನೆಯಲ್ಲಿ ಮಲಗಿದ್ದಾಗ ಅಷ್ಟೂ ಕಳುವಾಯಿತು. ಕೆಲವರು ಬಿಟ್ಟುಕೊಟ್ಟರು, ಕೆಲವರು ಬಿಡಲಿಲ್ಲ. ಆ ಸಾಲವನ್ನು ವರ್ಷಗಟ್ಟಲೆ ತೀರಿಸಿದ.

ಆದರೆ ಉಳಿದದ್ದನ್ನು ದುರದೃಷ್ಟದ ತಲೆಗೆ ಕಟ್ಟಲಾಗದು. ಕಾಗದದ ಮೇಲೆ ಹತ್ತಾರು ಸಾವಿರ ಎಕರೆಗೆ ಹಕ್ಕು ಹೇಳಿದ ಬೂನ್ ಕೊನೆಯ ಹಂತದ ದಾಖಲೆಗಳನ್ನು ಎಷ್ಟೋ ಕಡೆ ಪೂರ್ತಿ ಮಾಡಲೇ ಇಲ್ಲ. ಹಕ್ಕು ಗಟ್ಟಿಯಾಗುವ ಮೊದಲೇ ಮಾರಿದ. ಕೊಂಡವರ ಜಮೀನು ಬೇರೆಯವರ ಪಾಲಾದಾಗ ಅವರು ದಾವೆ ಹೂಡಿದ್ದು ಬೂನ್ ಮೇಲೆಯೇ. ಅವನು ಮಾಡಿದ ಸರ್ವೆಗಳ ಬಗ್ಗೆ ಸಾಕ್ಷಿ ಹೇಳಲು ಕೋರ್ಟುಗಳು ಕರೆಯುತ್ತಲೇ ಇದ್ದವು. 1798ರಲ್ಲಿ ಸಮನ್ಸ್‌ಗೆ ಹಾಜರಾಗದ ಅವನ ಬಂಧನಕ್ಕೆ ವಾರಂಟ್ ಹೊರಟಿತು. ಅದೇ ವರ್ಷ ಕೆಂಟಕಿ ರಾಜ್ಯ ಒಂದು ಕೌಂಟಿಗೆ ಅವನ ಹೆಸರಿಟ್ಟಿತು!

ಇದು ಬೂನ್ ಒಬ್ಬನ ಕಥೆಯಲ್ಲ. ಅಬ್ರಹಾಂ ಲಿಂಕನ್ನನ ತಂದೆ ಥಾಮಸ್ 1816ರಲ್ಲಿ ಕೆಂಟಕಿ ಬಿಟ್ಟು ಇಂಡಿಯಾನಾಕ್ಕೆ ಹೋದದ್ದಕ್ಕೆ ಮುಖ್ಯ ಕಾರಣ ಭೂಹಕ್ಕಿನ ತೊಡಕು ಎಂದು ಮಗನೇ ಬರೆದಿದ್ದಾನೆ. ಓಹಿಯೊ ನದಿಯ ಉತ್ತರಕ್ಕೆ 1785ರ ಕಾಯ್ದೆ ಬೇರೆ ಕ್ರಮ ತಂದಿತ್ತು. ಮೊದಲು ಸರ್ಕಾರಿ ಸರ್ವೆ, ಆರು ಮೈಲಿ ಚದರದ ಟೌನ್‌ಶಿಪ್‌ಗಳು, 640 ಎಕರೆಯ ಸೆಕ್ಷನ್‌ಗಳು, ಮಾರಾಟ ಆಮೇಲೆ.

1799ರಲ್ಲಿ ಬೂನ್ ಮಿಸೌರಿಗೆ ಹೊರಟ. ಆಗ ಅದು ಸ್ಪೇನಿನ ಆಳ್ವಿಕೆಯಲ್ಲಿತ್ತು. ಸ್ಪೇನ್ ಅವನನ್ನು ಫೆಮ್ ಓಸೇಜ್ ಪ್ರದೇಶದ ನ್ಯಾಯಾಧಿಕಾರಿಯಾಗಿ ನೇಮಿಸಿ ಭೂಮಿಯನ್ನೂ ಕೊಟ್ಟಿತು. ಅಧಿಕಾರಿಯಾದ್ದರಿಂದ ಆ ನೆಲದಲ್ಲೇ ವಾಸಿಸಿ ಉಳಬೇಕೆಂಬ ಷರತ್ತು ನಿನಗಿಲ್ಲ ಎಂಬ ಭರವಸೆಯೂ ಸಿಕ್ಕಿತು. 1803ರ ಲೂಸಿಯಾನಾ ಖರೀದಿಯಿಂದ ಆ ಸೀಮೆ ಅಮೆರಿಕದ ಪಾಲಾಯಿತು. ಹೊಸ ಆಯೋಗ ದಾಖಲೆ ಕೇಳಿತು. ಉಳುಮೆಯೂ ಇಲ್ಲ, ನ್ಯೂ ಆರ್ಲಿಯನ್ಸ್‌ನಲ್ಲಿದ್ದ ಸ್ಪೇನಿನ ಮೇಲಧಿಕಾರಿಗಳ ದೃಢೀಕರಣವೂ ಇಲ್ಲ, ಹಕ್ಕು ತಿರಸ್ಕೃತವಾಯಿತು. ಒಮ್ಮೆ ಕೈಸುಟ್ಟುಕೊಂಡವನು ಎರಡನೆಯ ಸಲವೂ ಬರೀ ಬಾಯಿಮಾತು ನಂಬಿದ್ದು ನನಗೆ ಇಂದಿಗೂ ಸೋಜಿಗ.

ಅವನ ಮನವಿಯ ಮೇರೆಗೆ 1814ರಲ್ಲಿ ಅಮೆರಿಕದ ಕಾಂಗ್ರೆಸ್ ಸುಮಾರು 850 ಎಕರೆಯನ್ನು ಮರಳಿ ಮಂಜೂರು ಮಾಡಿತು. ಕೆಂಟಕಿಯಲ್ಲಿ ತಾನು ಸಾಲ ಉಳಿಸಿಕೊಂಡಿದ್ದವರಿಗೆ ಕೊಡಲೆಂದು ಅದರಲ್ಲಿ ಬಹುಪಾಲನ್ನು ಬೂನ್ ಮಾರಿದ. ಬೀದಿಪಾಲಾಗಲಿಲ್ಲ; ಮಕ್ಕಳ ಆಸರೆಯಲ್ಲಿದ್ದು 1820ರ ಸೆಪ್ಟೆಂಬರ್ 26ರಂದು, 85ನೆಯ ವಯಸ್ಸಿನಲ್ಲಿ, ಮಗ ನೇಥನ್‌ನ ಮನೆಯಲ್ಲಿ ತೀರಿಕೊಂಡ.