ಒಂದು ಗಂಟೆಯ ಅಡುಗೆ, ಮೂರು ದಿನದ ಕಳಲೆ

ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಟಿವಿ ನೋಡೋದು ಅದೃಷ್ಟದ ಆಟ. ಮಳೆ ಜೋರಾಯಿತು ಅಂದರೆ ಮಾಡಿನ ಮೇಲಿನ ಡಿಶ್ ಕೈ ಕೊಡುತ್ತದೆ. ಅಡುಗೆ ಸ್ಪರ್ಧೆಯ ತೀರ್ಪುಗಾರರು ಚಮಚ ಬಾಯಿಗಿಟ್ಟರು ಅನ್ನುವಾಗಲೇ ಪರದೆ ತುಂಬ ಚೌಕ ಚೌಕ, ಆಮೇಲೆ ‘ಸಿಗ್ನಲ್ ಇಲ್ಲ’.

ಮೊನ್ನೆ ಹಾಗೇ ಆಯಿತು. ಅಮ್ಮ ಪಕ್ಕದಲ್ಲೇ ಕೂತು ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಹೆಚ್ಚುತ್ತಿದ್ದರು. ಸಿಪ್ಪೆ ಪದರ ಪದರವಾಗಿ ಬಿಡಿಸಿ, ಎಳೆಯ ಭಾಗವನ್ನು ತೆಳ್ಳಗೆ ಹೆಚ್ಚಿ, ನೀರಿಗೆ ಹಾಕಬೇಕು. ದಿನಾ ನೀರು ಬದಲಿಸಬೇಕು. ನಮ್ಮ ಮನೆಯಲ್ಲಿ ಮೂರು ದಿನ ಕಳೆಯದೆ ಅದು ಒಲೆ ಹತ್ತುವ ಹಾಗಿಲ್ಲ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ನೆನೆಸಿ ಬೇಯಿಸಿದರೆ ಹೋಗುತ್ತದೆ. ಅಮ್ಮನಿಗೆ ಸಯನೈಡ್ ವಿಷಯ ಬೇಕಿಲ್ಲ. ‘ನಂಜು’ ಅಂದರೆ ಮುಗಿಯಿತು.

ಹತ್ತು ನಿಮಿಷ ಸ್ಪರ್ಧೆ ನೋಡಿದ ಅಮ್ಮ ಹೇಳಿದ್ದು ಇಷ್ಟೇ: “ಮನೆಗೆ ಬೆಂಕಿ ಬಿದ್ದೋರ ಹಂಗೆ ಓಡ್ತಾರಲ್ಲ ಮಾರಾಯ. ಉಣ್ಣೋರು ಎಲ್ಲಿಗೂ ಹೋಗಲ್ಲ ಅಂತ ಯಾರಾದ್ರೂ ಹೇಳ್ಬಾರ್ದಾ?”

ಹೌದಲ್ವಾ, ಈ ಓಟ ಶುರುವಾದದ್ದು ಎಲ್ಲಿಂದ?

ಮೊದಲು ಹೀಗಿರಲಿಲ್ಲ. ನಾವು ಚಿಕ್ಕವರಿದ್ದಾಗ ಭದ್ರಾವತಿ ಆಕಾಶವಾಣಿಯಲ್ಲಿ ಅಡುಗೆ ಹೇಳುತ್ತಿದ್ದರು. ಅಮ್ಮ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಬರೆದುಕೊಳ್ಳುತ್ತಿದ್ದರು. ಒಂದು ಅಳತೆ ತಪ್ಪಿ ಹೋದರೆ ಪಕ್ಕದ ಮನೆಗೆ ಓಡಿ ಕೇಳಬೇಕಿತ್ತು. ಟಿವಿ ಬಂದ ಮೇಲೂ ಅದೇ ಪಾಠದ ರೀತಿ ಮುಂದುವರಿಯಿತು. 1993ರಲ್ಲಿ ಜೀ ಟಿವಿಯಲ್ಲಿ ಶುರುವಾದ ‘ಖಾನಾ ಖಜಾನಾ’ದಲ್ಲಿ ಸಂಜೀವ್ ಕಪೂರ್ ನಗುನಗುತ್ತಾ ಒಗ್ಗರಣೆ ಹಾಕಿ ತೋರಿಸುತ್ತಿದ್ದರು. ಗೆಲ್ಲೋರಿಲ್ಲ, ಸೋಲೋರಿಲ್ಲ, ಗಡಿಯಾರವಂತೂ ಇಲ್ಲವೇ ಇಲ್ಲ.

ಅದೇ 1993ರಲ್ಲಿ ಜಪಾನಿನ ಫುಜಿ ಟಿವಿ ‘ಐರನ್ ಶೆಫ್’ ಶುರು ಮಾಡಿತು. ಅಡುಗೆಮನೆಯನ್ನು ಕುಸ್ತಿ ಅಖಾಡ ಮಾಡಿದ್ದು ಇವರೇ ಅನ್ನಬೇಕು. ಜರತಾರಿ ಉಡುಪು ತೊಟ್ಟ ‘ಚೇರ್ಮನ್’ ಶುರುವಿನಲ್ಲೇ ಹಳದಿ ದಪ್ಪಮೆಣಸಿನಕಾಯಿಯನ್ನು ಹಸಿಯಾಗಿ ಕಚ್ಚಿ ನಗುತ್ತಾನೆ. ಆಮೇಲೆ ಒಂದು ಪದಾರ್ಥದ ಮೇಲಿನ ಮುಸುಕು ತೆಗೆಯುತ್ತಾರೆ. ಸವಾಲು ಹಾಕಲು ಬಂದ ಬಾಣಸಿಗ ಮತ್ತು ಕಾರ್ಯಕ್ರಮದ ಬಾಣಸಿಗ, ಇಬ್ಬರಿಗೂ ಸಿಗೋದು ಒಂದೇ ಗಂಟೆ. ಪಕ್ಕದಲ್ಲಿ ಕ್ರಿಕೆಟ್ ತರಹ ವೀಕ್ಷಕ ವಿವರಣೆ. 1999ರವರೆಗೆ ಓಡಿದ ಇದನ್ನು ಈಗ ನೋಡಿದರೆ ನಾಟಕ ಜಾಸ್ತಿ ಅನ್ನಿಸಬಹುದು. ಆದರೆ ಕೈಚಳಕ ನಿಜವಾದದ್ದು. ಹಳೆಯ ಕಂತುಗಳು ಸಿಕ್ಕರೆ ಬಿಡಬೇಡಿ.

ಮನೆ ಅಡುಗೆಯವರನ್ನು ಸ್ಪರ್ಧೆಗೆ ತಂದದ್ದು ಬಿಬಿಸಿ. ಅಲ್ಲಿ ‘ಮಾಸ್ಟರ್‌ಶೆಫ್’ 1990ರಲ್ಲೇ ಬಂದಿತ್ತು. ಅದನ್ನು ರೂಪಿಸಿದ ಫ್ರಾಂಕ್ ರೋಡಮ್ ಸಿನಿಮಾ ನಿರ್ದೇಶಕ. ಈಗ ನಾವು ನೋಡುವ ಅಬ್ಬರದ ರೂಪ ಬಂದದ್ದು 2009ರಲ್ಲಿ, ಆಸ್ಟ್ರೇಲಿಯಾದಲ್ಲಿ. ಹೆಚ್ಚುಕಮ್ಮಿ ದಿನಾ ರಾತ್ರಿ ಒಂದು ಕಂತು, ಮುಚ್ಚಿದ ಡಬ್ಬಿಯೊಳಗಿನ ಪದಾರ್ಥ, ಮನೆಗೆ ಹೋಗುವ ಭಯ. ಮೊದಲ ಸಲ ಗೆದ್ದದ್ದು ಮೂರು ಮಕ್ಕಳ ತಾಯಿ ಜೂಲಿ ಗುಡ್‌ವಿನ್. ಅದರ ಹುಚ್ಚು ಎಷ್ಟಿತ್ತು ಅಂದರೆ, 2010ರ ಚುನಾವಣೆ ಹೊತ್ತಲ್ಲಿ ಪ್ರಧಾನಿ ಮತ್ತು ವಿರೋಧ ಪಕ್ಷದ ನಾಯಕರ ಟಿವಿ ಚರ್ಚೆಯ ಸಮಯವನ್ನೇ ಫೈನಲ್‌ಗೆ ಅಡ್ಡ ಬರದ ಹಾಗೆ ಬದಲಿಸಿದರು! ನಮ್ಮಲ್ಲಿ ಸ್ಟಾರ್ ವರ್ಲ್ಡ್ ಚಾನೆಲ್‌ನಲ್ಲಿ ಇದನ್ನು ನೋಡಿದವರು ಬಹಳ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಬಾಣಲೆಯ ಭಾಷೆ ಅರ್ಥವಾಗುತ್ತಿತ್ತು.

ಮುಂದಿನ ವರ್ಷವೇ, ಅಂದರೆ 2010ರಲ್ಲಿ, ಸ್ಟಾರ್ ಪ್ಲಸ್‌ನಲ್ಲಿ ‘ಮಾಸ್ಟರ್‌ಶೆಫ್ ಇಂಡಿಯಾ’ ಬಂತು. ಅಕ್ಷಯ್ ಕುಮಾರ್ ನಿರೂಪಣೆ. ಗೆದ್ದದ್ದು ಲಖನೌದ ಶಿಕ್ಷಕಿ ಪಂಕಜ್ ಭದೌರಿಯಾ. ಅಡುಗೆ ಚೆನ್ನಾಗಿರುತ್ತಿತ್ತು, ಆದರೆ ಒಂದು ತುತ್ತಿಗೆ ಮೂರು ಸಲ ಡೋಲು, ನಾಲ್ಕು ಸಲ ಕಣ್ಣೀರು. ಸಾರು ಆರಿ ಹೋಗೋದಿಲ್ಲವಾ ಅಂತ ನನಗೆ ಚಿಂತೆ. 2015ರ ಸೀಸನ್ ಪೂರ್ತಿ ಸಸ್ಯಾಹಾರ ಮಾಡಿದರು. ತಂಬುಳಿ, ಪತ್ರೊಡೆ, ಅಪ್ಪೆಹುಳಿ ಮಾಡುವ ಮಲೆನಾಡಿನವರಿಗೆ ಅದರಲ್ಲಿ ಕಷ್ಟ ಇಲ್ಲ. ಆದರೆ ಏಡಿ ಸಾರು, ಹೊಳೆಮೀನು, ಕಡುಬು-ಕೋಳಿ ಸಾರು ಬಿಟ್ಟು ನಮ್ಮ ಮಳೆಗಾಲವನ್ನು ತೋರಿಸೋದು ಹೇಗೆ ಹೇಳಿ.

ಇವೆಲ್ಲದರ ನಡುವೆ ನನ್ನ ಮನಸ್ಸಲ್ಲಿ ಉಳಿದದ್ದು 2021ರ ಆಸ್ಟ್ರೇಲಿಯಾ ಫೈನಲ್. ಬಾಂಗ್ಲಾದೇಶ ಮೂಲದ ಕಿಶ್ವರ್ ಚೌಧರಿ ಅಲ್ಲಿ ಮಾಡಿದ್ದು ಪಾಂತಾ ಭಾತ್. ಎಂಥದು ಅದು? ನಮ್ಮ ತಂಗಳನ್ನದ ತಂಗಿ. ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಈರುಳ್ಳಿ, ಮೆಣಸಿನಕಾಯಿ ನೆಂಚಿಕೊಂಡು ಉಣ್ಣುವುದು. ಅದಕ್ಕೆ ಹೊಗೆಯ ಪರಿಮಳ ಹಿಡಿಸಿ, ಹಿಸುಕಿದ ಆಲೂಗಡ್ಡೆ ಮತ್ತು ಮೀನಿನ ಜೊತೆ ತಟ್ಟೆಗಿಟ್ಟರು. ಅವರು ಗೆಲ್ಲಲಿಲ್ಲ, ಮೂರನೇ ಸ್ಥಾನ. ನಮ್ಮ ಮನೆಗೆ ನೆಂಟರು ಬಂದರೆ ತಂಗಳನ್ನದ ಪಾತ್ರೆಯನ್ನು ಅಮ್ಮ ಮೊದಲು ಒಳಗೆ ಸರಿಸುತ್ತಾರೆ. ಆಕೆ ಅದನ್ನೇ ತೀರ್ಪುಗಾರರ ಮುಂದೆ ಇಟ್ಟರು.

2023ರಲ್ಲಿ ಸೋನಿಲಿವ್‌ನಲ್ಲಿ ಬಂದ ‘ಮಾಸ್ಟರ್‌ಶೆಫ್ ಇಂಡಿಯಾ’ ಗೆದ್ದದ್ದು ಮಂಗಳೂರಿನಲ್ಲಿ ಜ್ಯೂಸ್ ಅಂಗಡಿ ನಡೆಸುತ್ತಿದ್ದ ಮೊಹಮ್ಮದ್ ಆಶಿಕ್. ಘಟ್ಟದ ಕೆಳಗಿನವರು ಗೆದ್ದರೆ ಘಟ್ಟದ ಮೇಲಿನ ನಮಗೂ ಖುಷಿ, ಸುಮ್ನೆ ಅಲ್ಲ. ಕನ್ನಡದಲ್ಲೇ ನೋಡಬೇಕು ಅಂದರೆ 2021ರಲ್ಲಿ ಸ್ಟಾರ್ ಸುವರ್ಣದಲ್ಲಿ ಬಂದ ‘ಕುಕ್ಕು ವಿತ್ ಕಿರಿಕ್ಕು’ ಇದೆ. ತಮಿಳಿನ ‘ಕುಕ್ ವಿತ್ ಕೋಮಾಲಿ’ಯ ಅಚ್ಚು. ಇಲ್ಲಿ ನಗು ಊಟ, ಅಡುಗೆ ಉಪ್ಪಿನಕಾಯಿ.

ಗಡಿಯಾರದ ಕಾಟ ಕಡಿಮೆ ಇರುವುದು ಬೇಕಾ? 2010ರಲ್ಲಿ ಶುರುವಾದ ‘ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್’ ನೋಡಿ. ಹುಲ್ಲುಗಾವಲಲ್ಲಿ ಬಿಳಿ ಡೇರೆ, ಒಬ್ಬರ ಕೇಕ್ ಕುಸಿದರೆ ಇನ್ನೊಬ್ಬರು ಓಡಿ ಬಂದು ಹಿಡಿದುಕೊಳ್ಳುತ್ತಾರೆ. 2014ರಲ್ಲಿ ಐಸ್‌ಕ್ರೀಮ್ ಕರಗಿತು ಅಂತ ಒಬ್ಬರು ಇಡೀ ಸಿಹಿಯನ್ನೇ ಕಸದ ಡಬ್ಬಿಗೆ ಹಾಕಿದ್ದು ಅಲ್ಲಿ ದೊಡ್ಡ ರಂಪವಾಗಿತ್ತು. ಇನ್ನೊಂದು, 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಕೊರಿಯಾದ ‘ಕಲಿನರಿ ಕ್ಲಾಸ್ ವಾರ್ಸ್’. ಹೆಸರಾದ 20 ಜನರ ಎದುರು ಹೆಸರಿಲ್ಲದ 80 ಜನ. ಒಂದು ಸುತ್ತಿನಲ್ಲಿ ತೀರ್ಪುಗಾರರ ಕಣ್ಣಿಗೆ ಕಪ್ಪು ಬಟ್ಟೆ. ತುತ್ತನ್ನು ಬಾಯಿಗೇ ಇಡುತ್ತಾರೆ, ಮಗುವಿಗೆ ಉಣ್ಣಿಸಿದ ಹಾಗೆ. ತಟ್ಟೆಯ ಅಲಂಕಾರ, ಮಾಡಿದವರ ಮುಖ ಎರಡೂ ಲೆಕ್ಕಕ್ಕಿಲ್ಲ. ಒಂದೇ ಒಂದು ನೋಡಲು ಸಮಯ ಇದ್ದರೆ ನಾನು ಇದನ್ನೇ ಹೇಳುತ್ತೇನೆ.

ಒಂದು ಆಸೆ ಮಾತ್ರ ಬಾಕಿ. ಯಾರಾದರೂ ತೊಡೆದೇವು ಅನ್ನುವ ನಮ್ಮ ಕಡೆಯ ಸಿಹಿಯನ್ನು ಆ ವೇದಿಕೆಗೆ ತರಬೇಕು. ಒಲೆ ಮೇಲೆ ಬೋರಲು ಹಾಕಿದ ಮಡಕೆ, ಕಬ್ಬಿನ ಹಾಲು ಬೆರೆತ ಅಕ್ಕಿ ಹಿಟ್ಟು, ಬಟ್ಟೆ ಸುತ್ತಿದ ಕೋಲಲ್ಲಿ ಒಂದೇ ಎಳೆತ. ಕಾಗದದಷ್ಟು ತೆಳು ಹಾಳೆ ಏಳುತ್ತದೆ. ಅದಕ್ಕೆ ಒಂದು ಗಂಟೆ ಬೇಕಿಲ್ಲ, ಅರ್ಧ ನಿಮಿಷ ಸಾಕು. ಕೈ ಪಳಗಲು ಎಷ್ಟು ವರ್ಷ ಬೇಕು ಅಂತ ಸಾಗರದ ಕಡೆಯ ಅಜ್ಜಿಯರನ್ನು ಕೇಳಿ.

ಸಿಗ್ನಲ್ ವಾಪಸ್ ಬರುವಷ್ಟರಲ್ಲಿ ಕಂತು ಮುಗಿದಿತ್ತು. ಯಾರು ಹೊರಗೆ ಹೋದರು ಅಂತ ಗೊತ್ತಾಗಲಿಲ್ಲ. ಅಮ್ಮ ಪಾತ್ರೆಗೆ ನೀರು ತುಂಬಿ, ಮೇಲೊಂದು ತಟ್ಟೆ ಮುಚ್ಚಿದರು. ಆ ದಿನ ಗುರುವಾರ. ಕಳಲೆ ಪಲ್ಯ ಭಾನುವಾರಕ್ಕೆ.